ಅಪ್‌ಡೇಟ್: ಮಗ ಶ್ರೀಲಂಕಾದಿಂದ ರಗ್ಬಿ ಆಡಿ ಬಂದ

ಮಗ ಶಾಲೆಯ ರಗ್ಬಿ ತಂಡದ ಜೊತೆ ಶ್ರೀಲಂಕಾದ ಕ್ಯಾಂಡಿಗೆ ಹೋಗಬೇಕು, ಅವನ ಅಪ್ಪ ಗಲ್ಫ್‌ನಲ್ಲಿದ್ದಾರೆ, ಪಾಸ್‌ಪೋರ್ಟ್ ಹೇಗೆ, ಪೆಟ್ಟಾದರೆ ಏನು ಗತಿ ಅಂತ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ಇವರು ರಜೆಗೆ ಬಂದಾಗ ಅನೆಕ್ಷರ್ ಡಿಗೆ, ಅಂದರೆ ಮಕ್ಕಳ ಪಾಸ್‌ಪೋರ್ಟಿಗೆ ಅಪ್ಪ ಅಮ್ಮ ಕೊಡುವ ಒಪ್ಪಿಗೆ ಪತ್ರಕ್ಕೆ, ಇಬ್ಬರೂ ಸಹಿ ಹಾಕಿದೆವು. ಕೆಲಸ ಸಲೀಸಾಯಿತು. 15 ವರ್ಷದೊಳಗಿನ ಮಕ್ಕಳ ಪಾಸ್‌ಪೋರ್ಟ್ 5 ವರ್ಷಕ್ಕೆ ಅಥವಾ 18 ತುಂಬುವವರೆಗೆ, ಯಾವುದು ಮೊದಲೋ ಅಲ್ಲಿಯವರೆಗೆ ಮಾತ್ರ, ನೆನಪಿರಲಿ. ಶ್ರೀಲಂಕಾಕ್ಕೆ ಇಟಿಎ (ಹೋಗುವ ಮೊದಲೇ ಪಡೆಯುವ ಪ್ರವೇಶ ಅನುಮತಿ) ಆನ್‌ಲೈನಲ್ಲೇ ಆಯಿತು.

ಹಲ್ಲಿನ ಗಾರ್ಡ್ ತಗೊಳ್ಳಿ ಅಂದಿದ್ದಿರಲ್ಲ, ಅದು ಬಹಳ ಉಪಕಾರವಾಯಿತು. ಬಿಸಿನೀರಲ್ಲಿ ಅದ್ದಿ, ಮೆತ್ತಗಾದ ಮೇಲೆ ಕಚ್ಚಿಸಿದೆ. ಮೊದಲ ಸಲ ಸರಿಯಾಗಲಿಲ್ಲ, ಮತ್ತೆ ಅದ್ದಿದೆ. ಅವನ ಹಲ್ಲಿನ ಸಾಲು ಅಚ್ಚಾಗಿ ಕೂತಿತು. ಹೊರಡುವ ತನಕ ಕಾರವಾರದ ಟಾಗೋರ್ ಬೀಚಿನ ಮರಳಲ್ಲಿ ದಿನಾ ಸಂಜೆ ಟ್ಯಾಕಲ್ (ಚೆಂಡು ಹಿಡಿದವನನ್ನು ತಡೆದು ಕೆಡವುವುದು) ಅಭ್ಯಾಸ. ಮನೆ ತುಂಬಾ ಮರಳು!

ಆಡಿದ್ದು ಸೆವೆನ್ಸ್, ರಗ್ಬಿಯ ಚಿಕ್ಕ ರೂಪ. 7 ಜನ, 7 ನಿಮಿಷದ ಎರಡು ಅರ್ಧ. ಮೂರರಲ್ಲಿ ಎರಡು ಸೋತರು, ಒಂದು ಗೆದ್ದರು. ಅಲ್ಲಿ ಶಾಲಾ ರಗ್ಬಿ ಅಂದರೆ ಹಬ್ಬ. ಕ್ಯಾಂಡಿಯ ಟ್ರಿನಿಟಿ, ಕೊಲಂಬೊದ ರಾಯಲ್ ಕಾಲೇಜುಗಳು 1945ರಿಂದ ಬ್ರ್ಯಾಡ್ಬಿ ಶೀಲ್ಡ್ ಎಂಬ ರಗ್ಬಿ ಪ್ರಶಸ್ತಿಗೆ ಆಡುತ್ತಿವೆ. ನಮ್ಮ ಮಕ್ಕಳು ಸೋಲದೇ ಇರ್ತಾರಾ? ಆದರೆ ಗೆದ್ದ ಪಂದ್ಯದಲ್ಲಿ ಇವನದ್ದೊಂದು ಟ್ರೈ ಇತ್ತು, ಅಂದರೆ ಎದುರಾಳಿಯ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಒತ್ತಿದ್ದ, 5 ಅಂಕ. ವಿಡಿಯೋ ನೋಡಿ ಅತ್ತುಬಿಟ್ಟೆ.

ಮೊಣಕೈ ತರಚಿದೆ, ಅಷ್ಟೇ. ಊಟದ ಚಿಂತೆಯೂ ಸುಮ್ನೆ ಮಾಡಿದ್ದೆ. ಅಲ್ಲಿ ಮೀನು ಸಾರಿಗೆ ಹಾಕುವ ಗೊರಕ ಎಂಬ ಹುಳಿಹಣ್ಣು ನಮ್ಮ ಉಪ್ಪಾಗೆಯೇ. ‘ಅಮ್ಮಾ, ಅಲ್ಲಿನ ಸಾರಿಗೂ ನಮ್ಮನೆ ಹುಳಿನೇ’ ಅಂದ.