ಮೊದಲ ಬಾರಿ ಮಾತನಾಡುವವರಿಗೆ: ಓದುಗರ ಸ್ಪಂದನ

ಕಳೆದ ಸಂಚಿಕೆಯ ಸಮಸ್ಯೆ: ಎರಡು ವರ್ಷಗಳಿಂದ ಸ್ಥಳೀಯ ಕಂಪ್ಯೂಟರ್ ಬಳಕೆದಾರರ ಕೂಟಕ್ಕೆ ಹೋಗಿ ಹಿಂದಿನ ಸಾಲಿನಲ್ಲಿ ಕುಳಿತು ಬರುತ್ತಿರುವ ಓದುಗರೊಬ್ಬರನ್ನು, ಮುಂದಿನ ಸಭೆಯಲ್ಲಿ ಅರ್ಧ ಗಂಟೆ ಮಾತನಾಡುವಂತೆ ಸಂಚಾಲಕರು ಕೇಳಿದ್ದಾರೆ. ಕಡತಗಳನ್ನು ನಕಲು ಮಾಡುವ ಆರ್‌ಸಿಂಕ್ ಎಂಬ ತಂತ್ರಾಂಶವನ್ನು ಬಳಸಿ ಹೊರಗಿನ ಹಾರ್ಡ್ ಡಿಸ್ಕಿಗೆ ಬ್ಯಾಕಪ್ ತೆಗೆದುಕೊಳ್ಳುವುದರ ಬಗ್ಗೆ ಮಾತನಾಡಲು ಅವರು ಒಪ್ಪಿದ್ದಾರೆ. ಆದರೆ ಕೇಳುವವರಲ್ಲಿ ಅರ್ಧದಷ್ಟು ಮಂದಿಗೆ ತನಗಿಂತ ಹೆಚ್ಚು ಗೊತ್ತಿದೆ, ಪ್ರಾತ್ಯಕ್ಷಿಕೆ ನಡುವೆ ಕೈಕೊಟ್ಟರೆ ಅಥವಾ ಪ್ರಶ್ನೆಗೆ ಉತ್ತರ ತೋಚದಿದ್ದರೆ ಏನು ಮಾಡುವುದು ಎಂಬುದು ಅವರ ಅಳುಕು.

*

ತಮಗಿಂತ ಹೆಚ್ಚು ಬಲ್ಲವರು ಸಭೆಯಲ್ಲಿ ಇದ್ದೇ ಇರುತ್ತಾರೆ. ಹಾಗಿದ್ದರೂ ಸಂಚಾಲಕರು ತಮ್ಮನ್ನೇ ಏಕೆ ಕೇಳಿದರೆಂದು ಯೋಚಿಸಿದ್ದೀರಾ? ಇಂಥ ಕೂಟವೊಂದರಲ್ಲಿ ಹಲವು ವರ್ಷ ಅದೇ ಕೆಲಸ ಮಾಡಿದವನಾದ್ದರಿಂದ ನನಗೆ ತಿಳಿದಿರುವುದನ್ನು ಹೇಳುತ್ತೇನೆ: ವಿಷಯದಲ್ಲಿ ಪಳಗಿದವರಿಗೆ ತಾವು ಮೊದಲು ಎಡವಿದ ಜಾಗ ಮರೆತುಹೋಗಿರುತ್ತದೆ, ಹೊಸದಾಗಿ ಕಲಿತವರಿಗೆ ಆ ನೋವು ಇನ್ನೂ ಹಸಿಯಾಗಿರುತ್ತದೆ. 1955ರಲ್ಲಿ ಐಬಿಎಂ ಕಂಪ್ಯೂಟರ್‌ಗಳ ಬಳಕೆದಾರರು ಷೇರ್ ಎಂಬ ಕೂಟವನ್ನು ಕಟ್ಟಿಕೊಂಡದ್ದು ಪಾಂಡಿತ್ಯ ಮೆರೆಯುವುದಕ್ಕಲ್ಲ. ಒಂದೇ ಕೆಲಸಕ್ಕೆ ಪ್ರತಿಯೊಬ್ಬರೂ ಬೇರೆ ಬೇರೆಯಾಗಿ ಪ್ರೋಗ್ರಾಂ ಬರೆದು ಸುಸ್ತಾಗುವುದನ್ನು ತಪ್ಪಿಸುವುದಕ್ಕೆ.

ಆದ್ದರಿಂದ ತಾವು ಆರ್‌ಸಿಂಕ್‌ನ ಬಗ್ಗೆ ಮಾತನಾಡಬೇಡಿ, ಆರ್‌ಸಿಂಕ್ ಬಳಸುವಾಗ ತಾವು ಮಾಡಿದ ತಪ್ಪಿನ ಬಗ್ಗೆ ಮಾತನಾಡಿ. ನನ್ನದನ್ನೇ ಉದಾಹರಣೆಯಾಗಿ ಕೊಡುತ್ತೇನೆ. ಮೂಲ ಕಡತಕೋಶದ ಹೆಸರಿನ ಕೊನೆಯಲ್ಲಿ ಓರೆಗೆರೆ (/) ಇದ್ದರೆ ಅದರೊಳಗಿನ ಕಡತಗಳು ಮಾತ್ರ ನಕಲಾಗುತ್ತವೆ, ಇಲ್ಲದಿದ್ದರೆ ಆ ಕಡತಕೋಶವೇ ಇಡಿಯಾಗಿ ಗುರಿಯೊಳಗೆ, ಎಂದರೆ ನಕಲು ಸೇರಬೇಕಾದ ಜಾಗದೊಳಗೆ, ಹೋಗಿ ಕೂರುತ್ತದೆ ಎಂಬ ಸಣ್ಣ ಸಂಗತಿ ತಿಳಿಯದೆ, ಬ್ಯಾಕಪ್ ಡಿಸ್ಕಿನಲ್ಲಿ ಒಂದೇ ದಾಖಲೆಯ ಎರಡು ಪ್ರತಿಗಳನ್ನು ತಿಂಗಳುಗಟ್ಟಲೆ ಸಾಕಿದೆ. ಅದು ಜಾಗ ತಿಂದಿತೇ ಹೊರತು ಬೇರೆ ಹಾನಿ ಮಾಡಲಿಲ್ಲ. ಹಾನಿಯಾದದ್ದು ಡಿಲೀಟ್ ಆಯ್ಕೆಯಿಂದ. ಮೂಲದಲ್ಲಿ ಇಲ್ಲದ ಕಡತಗಳನ್ನು ಗುರಿಯಿಂದಲೂ ಅಳಿಸಿಹಾಕುವುದು ಅದರ ಕೆಲಸ. ಒಂದು ರಾತ್ರಿ ನಿದ್ದೆಗಣ್ಣಿನಲ್ಲಿ ಮೂಲವನ್ನೂ ಗುರಿಯನ್ನೂ ಅದಲುಬದಲಾಗಿ ಬರೆದು, ಹಿಂದಿನ ಬ್ಯಾಕಪ್ ಆದ ಮೇಲೆ ಮೂರು ವಾರ ಬರೆದದ್ದನ್ನೆಲ್ಲ ನನ್ನ ಕೈಯಾರೆ ಒರೆಸಿಹಾಕಿದೆ. ಡ್ರೈ ರನ್ ಎಂಬ ಆಯ್ಕೆಯನ್ನು ಸೇರಿಸಿದ್ದರೆ, ಏನೇನು ಅಳಿಯಲಿದೆ ಎಂಬ ಪಟ್ಟಿಯನ್ನು ಅದು ಮೊದಲೇ ತೋರಿಸುತ್ತಿತ್ತು, ಒಂದು ಕಡತವನ್ನೂ ಮುಟ್ಟುತ್ತಿರಲಿಲ್ಲ. ಈ ಕಥೆಯನ್ನು ಹೇಳಿದ ದಿನ ಸಭೆಯ ಅತಿ ಅನುಭವಿಯೊಬ್ಬರು ತಾವೂ ಹೀಗೆಯೇ ಕಳೆದುಕೊಂಡದ್ದನ್ನು ಒಪ್ಪಿಕೊಂಡರು.

ಇನ್ನು ಏನನ್ನು ಬಿಡಬೇಕೆಂಬ ವಿಚಾರ. ಆಂಡ್ರ್ಯೂ ಟ್ರಿಡ್ಜೆಲ್ ಮತ್ತು ಪಾಲ್ ಮೆಕರಸ್ 1996ರಲ್ಲಿ ಹೊರತಂದ ಈ ತಂತ್ರಾಂಶದ ಜಾಣ್ಮೆ ಇರುವುದು, ಕಡತದಲ್ಲಿ ಬದಲಾದ ಭಾಗಗಳನ್ನಷ್ಟೇ ಗುರುತಿಸಿ ಜಾಲದ ಆಚೆಗೆ ಕಳುಹಿಸುವುದರಲ್ಲಿ. ಅದನ್ನು ವಿವರಿಸುವ ಆಸೆ ತಮಗೆ ಬಂದೇ ಬರುತ್ತದೆ, ವಿವರಿಸಲು ಹೊರಟರೆ ಅರ್ಧ ಗಂಟೆಯೂ ಅಲ್ಲಿಗೇ ಮುಗಿಯುತ್ತದೆ. ಅಷ್ಟಕ್ಕೂ ಒಂದೇ ಯಂತ್ರಕ್ಕೆ ಜೋಡಿಸಿದ ಡಿಸ್ಕಿಗೆ ನಕಲು ಮಾಡುವಾಗ ಆರ್‌ಸಿಂಕ್ ತಾನಾಗಿಯೇ ಆ ವಿಧಾನವನ್ನು ಬದಿಗಿಟ್ಟು, ಬದಲಾದ ಕಡತವನ್ನು ಇಡಿಯಾಗಿ ನಕಲಿಸುತ್ತದೆ. ಹೀಗಾಗಿ ತಮ್ಮ ವಿಷಯಕ್ಕೆ ಅದರ ಅಗತ್ಯವೇ ಇಲ್ಲ. ಇಪ್ಪತ್ತು ನಿಮಿಷಕ್ಕೆ ಸಾಲುವಷ್ಟನ್ನೇ ಸಿದ್ಧಪಡಿಸಿಕೊಂಡು, ಗಡಿಯಾರವನ್ನು ಎದುರಿಗಿಟ್ಟುಕೊಂಡು ಗಟ್ಟಿಯಾಗಿ ಮಾತನಾಡಿ ನೋಡಿ. ಮನಸ್ಸಿನಲ್ಲೇ ಓದಿಕೊಂಡರೆ ಕಾಲದ ಅಂದಾಜು ಸಿಗುವುದಿಲ್ಲ.

— ಮಾಜಿ ಸಂಚಾಲಕ

*

1998ರ ಏಪ್ರಿಲ್‌ನಲ್ಲಿ, ಷಿಕಾಗೋದ ಕಾಮ್‌ಡೆಕ್ಸ್ ಎಂಬ ಕಂಪ್ಯೂಟರ್ ಪ್ರದರ್ಶನದಲ್ಲಿ, ಇನ್ನೂ ಮಾರುಕಟ್ಟೆಗೆ ಬಾರದಿದ್ದ ವಿಂಡೋಸ್ 98 ಅನ್ನು ತೋರಿಸುತ್ತಿದ್ದಾಗ, ಸ್ಕ್ಯಾನರ್ ಜೋಡಿಸಿದೊಡನೆ ಬಿಲ್ ಗೇಟ್ಸ್ ಅವರ ಎದುರಿಗೇ ಪರದೆ ನೀಲಿಯಾಗಿ ಯಂತ್ರ ನಿಂತುಹೋಯಿತು. ಬಹುಶಃ ಇದಕ್ಕೇ ನಾವು ಇನ್ನೂ ಬಿಡುಗಡೆ ಮಾಡಿಲ್ಲ ಎಂಬರ್ಥದ ಮಾತಾಡಿ ಅವರು ಪಾರಾದರು. ಅಂಥ ಸಮಯಸ್ಫೂರ್ತಿ ಎಲ್ಲರಿಗೂ ಒದಗುವುದಿಲ್ಲ, ನನಗಂತೂ ಒದಗಿಲ್ಲ. ಆದ್ದರಿಂದ ನಾನು ಸಿದ್ಧತೆಯನ್ನೇ ನಂಬುತ್ತೇನೆ.

ಐದಾರು ಪುಟ್ಟ ಕಡತಗಳಿರುವ ಹುಸಿ ಕಡತಕೋಶವೊಂದನ್ನು ಮಾಡಿಕೊಂಡು ಅದರ ಮೇಲೆಯೇ ಎಲ್ಲವನ್ನೂ ತೋರಿಸಿ. ತಮ್ಮ ನಿಜವಾದ ದಾಖಲೆಗಳನ್ನು ಆ ದಿನ ತೆರೆಯಲೇಬೇಡಿ. ಅಂತರ್ಜಾಲ ಬೇಕಾಗುವ ಯಾವುದನ್ನೂ ಇಟ್ಟುಕೊಳ್ಳಬೇಡಿ. ಆದೇಶಗಳನ್ನು ಒಂದು ಪಠ್ಯ ಕಡತದಲ್ಲಿ ಮೊದಲೇ ಬರೆದಿಟ್ಟು ಅಲ್ಲಿಂದ ಅಂಟಿಸಿ, ಏಕೆಂದರೆ ಮೂವತ್ತು ಜನ ನೋಡುತ್ತಿರುವಾಗ ಬೆರಳುಗಳು ತಮ್ಮ ಮಾತು ಕೇಳುವುದಿಲ್ಲ. ಇಡೀ ಪ್ರಾತ್ಯಕ್ಷಿಕೆಯನ್ನು ಹಿಂದಿನ ದಿನವೇ ವಿಡಿಯೋ ಮಾಡಿಟ್ಟುಕೊಂಡರೆ, ಯಂತ್ರ ಮುನಿದರೂ ಮಾತು ನಿಲ್ಲುವುದಿಲ್ಲ.

ಪ್ರಾತ್ಯಕ್ಷಿಕೆಯನ್ನೇ ಕೈಬಿಡಿ ಎಂದು ಸ್ನೇಹಿತರು ಸಲಹೆ ಕೊಡಬಹುದು. ಬೇರೆ ವಿಷಯವಾಗಿದ್ದರೆ ನಾನೂ ಹಾಗೆಯೇ ಹೇಳುತ್ತಿದ್ದೆನೇನೋ, ಆದರೆ ಬ್ಯಾಕಪ್‌ನ ವಿಷಯದಲ್ಲಿ ಅದು ಸಲ್ಲದು. ಎಲ್ಲರೂ ನಕಲು ತೆಗೆಯುವುದನ್ನು ತೋರಿಸುತ್ತಾರೆ, ಮರಳಿ ಪಡೆಯುವುದನ್ನು ಯಾರೂ ತೋರಿಸುವುದಿಲ್ಲ. ಸಭೆಯ ಎದುರಿಗೇ ಒಂದು ಕಡತವನ್ನು ಅಳಿಸಿ, ಬ್ಯಾಕಪ್‌ನಿಂದ ಅದನ್ನು ಹಿಂದಕ್ಕೆ ತಂದು, ತೆರೆದು ತೋರಿಸಿ.

— ಕಂಪ್ಯೂಟರ್ ಪ್ರಯೋಗಾಲಯದ ಬೋಧಕಿ

*

ಹಿಂದಿನ ಸಾಲಿನವರಾದ ತಮಗೆ ಹಿಂದಿನ ಸಾಲಿನವನಾದ ನನ್ನದೊಂದು ಬಿನ್ನಹವಿದೆ: ಪರದೆಯ ಮೇಲಿನದು ನಮಗೂ ಕಾಣಲಿ. ಆದೇಶಗಳನ್ನು ಬರೆಯುವ ಕಿಟಕಿಯಾದ ಟರ್ಮಿನಲ್‌ನಲ್ಲಿ, ಹಿನ್ನೆಲೆ ಕಪ್ಪಾಗಿದ್ದಾಗ, ಕಡತಕೋಶಗಳ ಹೆಸರುಗಳು ಸಾಮಾನ್ಯವಾಗಿ ಕಡುನೀಲಿಯಲ್ಲಿ ಮೂಡುತ್ತವೆ. ಲ್ಯಾಪ್‌ಟಾಪಿನಲ್ಲಿ ಸೊಗಸಾಗಿ ಕಾಣುವ ಆ ಬಣ್ಣ, ದೀಪ ಉರಿಯುತ್ತಿರುವ ಕೋಣೆಯಲ್ಲಿ ಪ್ರೊಜೆಕ್ಟರ್ ಬೆಳಕಿಗೆ ಬಿದ್ದಾಗ ಕತ್ತಲೆಯಲ್ಲಿ ಕರಗಿಹೋಗುತ್ತದೆ. ಬಿಳಿಯ ಹಿನ್ನೆಲೆಯಲ್ಲಿ ಕಪ್ಪು ಅಕ್ಷರವಿರಲಿ, ಅಕ್ಷರದ ಗಾತ್ರ ತಮಗೆ ಮುಜುಗರವಾಗುವಷ್ಟು ದೊಡ್ಡದಾಗಿರಲಿ. ಕೆಂಪು ಮತ್ತು ಹಸಿರಿನ ವ್ಯತ್ಯಾಸ ನನ್ನ ಕಣ್ಣಿಗೆ ಗೊತ್ತಾಗುವುದಿಲ್ಲ, ಆದ್ದರಿಂದ ಅಳಿಯುವುದನ್ನು ಕೆಂಪಿನಲ್ಲಿಯೂ ಉಳಿಯುವುದನ್ನು ಹಸಿರಿನಲ್ಲಿಯೂ ಬರೆದು ಸುಮ್ಮನಾಗದೆ ಬಾಯಲ್ಲೂ ಹೇಳಿ. ಹಳೆಯ ಪ್ರೊಜೆಕ್ಟರ್‌ಗಳು 1024 ಅಡ್ಡ, 768 ಉದ್ದದಷ್ಟು ಬಿಂದುಗಳನ್ನು ಮಾತ್ರ ತೋರಿಸುವುದುಂಟು. ಅರ್ಧ ಗಂಟೆ ಮೊದಲೇ ಹೋಗಿ, ತಂತಿ ಹೊಂದುತ್ತದೆಯೇ ಎಂದು ನೋಡಿ, ಆಮೇಲೆ ಕೊನೆಯ ಕುರ್ಚಿಯಲ್ಲಿ ಕುಳಿತು ತಮ್ಮ ಸ್ಲೈಡನ್ನು ತಾವೇ ಓದಿ.

— ಕೊನೆಯ ಸಾಲಿನ ಶ್ರೋತೃ

*

ಪ್ರಶ್ನೆ ಬಂದಾಗ ಅದನ್ನು ಎಲ್ಲರಿಗೂ ಕೇಳುವಂತೆ ಒಮ್ಮೆ ತಾವೇ ಹೇಳಿ. ಹಿಂದಿನವರಿಗೆ ಪ್ರಶ್ನೆ ಕೇಳಿಸುತ್ತದೆ, ತಮಗೆ ಯೋಚಿಸಲು ನಾಲ್ಕು ಕ್ಷಣ ಸಿಗುತ್ತದೆ. ಉತ್ತರ ತಿಳಿಯದಿದ್ದರೆ ತಿಳಿಯದು ಎಂದು ಹೇಳಿ, ಬಲ್ಲವರು ಯಾರಾದರೂ ಇದ್ದಾರೆಯೇ ಎಂದು ಸಭೆಯನ್ನೇ ಕೇಳಿ. ತಮ್ಮನ್ನು ಹೆದರಿಸುತ್ತಿರುವ ಆ ಅರ್ಧದಷ್ಟು ಮಂದಿ ಅಲ್ಲಿ ತಮ್ಮ ನೆರವಿಗೆ ಬರುತ್ತಾರೆ. ಪ್ರಶ್ನೋತ್ತರ ನಡೆಯುವಷ್ಟು ಹೊತ್ತೂ ಪರದೆಯ ಮೇಲೆ ಧನ್ಯವಾದಗಳ ಸ್ಲೈಡನ್ನು ಬಿಡುವ ರೂಢಿಯಿದೆ. ಅದರ ಬದಲು ತಾವು ಬಳಸಿದ ಆದೇಶವನ್ನು, ಓರೆಗೆರೆ ಸಮೇತ, ಅಲ್ಲಿ ಉಳಿಸಿ. ನನ್ನಂತೆ ನಿಧಾನವಾಗಿ ಬರೆದುಕೊಳ್ಳುವವರೂ ಇರುತ್ತಾರೆ.

— ನಿವೃತ್ತ ಗ್ರಂಥಪಾಲಕಿ