‘ಜೈ ಭೀಮ್’ ನೋಡಿದವರ ಪ್ರಶ್ನೆಗಳು, ವಕೀಲರ ಉತ್ತರ

ಚಿತ್ರಪ್ರೇಮಿ: ಮೇಡಂ, ಸಿನಿಮಾದಲ್ಲಿ ಕಳ್ಳತನದ ಆರೋಪದ ಮೇಲೆ ಹಿಡಿದು, ಲಾಕಪ್‌ನಲ್ಲೇ ಸತ್ತವನನ್ನು ಪೊಲೀಸರು ‘ತಪ್ಪಿಸಿಕೊಂಡು ಓಡಿಹೋದ’ ಅಂತಾರೆ. ನಿಜಕ್ಕೂ ಹೀಗಾಗಿತ್ತಾ?

ವಕೀಲೆ: ಆಗಿತ್ತು. 1993, ತಮಿಳುನಾಡು. ಸತ್ತವನ ಹೆಂಡತಿ ಪರ ವಾದಿಸಿದ ವಕೀಲ ಚಂದ್ರು ಅವರು ಮುಂದೆ ಮದ್ರಾಸ್ ಹೈಕೋರ್ಟ್ ನ್ಯಾಯಮೂರ್ತಿಯಾದರು.

ಹಾಸನದವಳು: ಅವನು ನಿಜವಾಗಿ ಕದ್ದಿದ್ದರೆ? ಅಂಥವನ ಪರ ನಿಲ್ಲೋದು ತಪ್ಪಲ್ವಾ?

ವಕೀಲೆ: ಕದ್ದನೋ ಇಲ್ಲವೋ ಕೋರ್ಟ್ ಹೇಳಬೇಕು. ಕದ್ದಿದ್ದರೂ ಹೊಡೆಯೋ ಹಕ್ಕು ಯಾರಿಗೂ ಇಲ್ಲ.

ಚಿತ್ರಪ್ರೇಮಿ: ಕನ್ನಡ ಡಬ್ಬಿಂಗ್ ಎಲ್ಲಿ ಸಿಗುತ್ತೆ?

ಮಲೆನಾಡಿನವ: ಮೇಡಂ, ಪಕ್ಕದ ಮನೆ ಹುಡುಗನನ್ನು ಕಳ್ಳತನದ ವಿಚಾರಣೆ ಅಂತ ನಿನ್ನೆ ಬೆಳಿಗ್ಗೆ ಠಾಣೆಗೆ ಕರೆದೊಯ್ದರು. ಇನ್ನೂ ಬಂದಿಲ್ಲ. ತಾಯಿ ಕೂಲಿ ಮಾಡ್ತಾರೆ. ಏನು ಮಾಡೋದು?

ವಕೀಲೆ: ಈಗಲೇ ಹೊರಡಿ. ವಿಚಾರಣೆ ಅಂತ ಕರೆದು ಹೊರಗೆ ಬಿಡದಿದ್ದರೆ ಅದು ಬಂಧನವೇ. ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಲೇಬೇಕು, ಸಂವಿಧಾನದ 22ನೇ ವಿಧಿಯಲ್ಲೇ ಇದೆ. 15100ಕ್ಕೆ ಫೋನ್ ಮಾಡಿ, ಅದು ಕಾನೂನು ಸೇವಾ ಪ್ರಾಧಿಕಾರದ್ದು; ಹೆಣ್ಣುಮಕ್ಕಳಿಗೂ, ಬಂಧನದಲ್ಲಿರುವವರಿಗೂ ವಕೀಲರು ಉಚಿತ. ಕರೆದೊಯ್ದ ಸಮಯ, ನೋಡಿದವರ ಹೆಸರು ಬರೆದು ಎಸ್ಪಿಗೆ ಇಮೇಲ್ ಹಾಕಿ. ಖಾಲಿ ಹಾಳೆಗೆ ಆ ತಾಯಿ ಸಹಿ ಹಾಕಬಾರದು, ಹೆಬ್ಬೆಟ್ಟನ್ನೂ ಒತ್ತಬಾರದು. ಹುಡುಗನನ್ನು ಕೋರ್ಟಿಗೆ ತಂದರೆ ಗಾಯ ಇದ್ದಲ್ಲಿ ಅಲ್ಲೇ ಬಾಯಿಬಿಟ್ಟು ಹೇಳಲಿ, ಅಂಗಿ ಎತ್ತಿ ತೋರಿಸಲಿ, ವೈದ್ಯಕೀಯ ತಪಾಸಣೆ ಕೇಳಲಿ. ಪೊಲೀಸರ ಮುಂದೆ ಒಪ್ಪಿಕೊಂಡ ಮಾತು ಸಾಕ್ಷಿಯಾಗಲ್ಲ, ಆದರೆ ಆ ಮಾತಿನಿಂದ ಕದ್ದ ಮಾಲು ಸಿಕ್ಕರೆ ಅಷ್ಟು ಭಾಗ ಸಾಕ್ಷಿಯಾಗಿ ನಿಲ್ಲುತ್ತೆ. ಇಷ್ಟಾದರೂ ಎಲ್ಲಿದ್ದಾನೆ ಅಂತ ಹೇಳದಿದ್ದರೆ ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್, ಅಂದರೆ ಹಿಡಿದಿಟ್ಟವನನ್ನು ಕೋರ್ಟಿನ ಮುಂದೆ ತನ್ನಿ ಅಂತ ಕೇಳೋ ಅರ್ಜಿ. ನೀವೂ ಹಾಕಬಹುದು.

ಗೆಳೆಯ: *ಫಾರ್ವರ್ಡ್* ಅತ್ಯಾಚಾರಿಯನ್ನು ಕೊಂದರೂ ಹೆಣ್ಣಿಗೆ ಶಿಕ್ಷೆ ಇಲ್ಲ, ಐಪಿಸಿ 233! ಎಲ್ಲರಿಗೂ ಕಳಿಸಿ.

ವಕೀಲೆ: ಸುಳ್ಳು. 233 ಇದ್ದದ್ದು ಖೋಟಾ ನಾಣ್ಯ ಮಾಡೋ ಸಲಕರಣೆ ಬಗ್ಗೆ. ಐಪಿಸಿ ಜಾಗಕ್ಕೆ 2024ರ ಜುಲೈ 1ರಿಂದ ಹೊಸ ಕಾನೂನೇ ಬಂದಿದೆ. ಆತ್ಮರಕ್ಷಣೆಗೆ ಬೇರೆ ಕಲಂ ಇದೆ, ಅದು ಅಪಾಯ ಇರುವಷ್ಟು ಹೊತ್ತು ಮಾತ್ರ. ಇದನ್ನು ನಂಬಿ ಯಾರಾದರೂ ಜೈಲಿಗೆ ಹೋದರೆ ನೀವು ಬಿಡಿಸ್ತೀರಾ? ಅಳಿಸಿ.

ಗೆಳೆಯ: ಜಾಗೃತಿಗೆ ಹಾಕಿದೆ, ಅಷ್ಟೇ. 2019ರಲ್ಲಿ ಹೈದರಾಬಾದಿನಲ್ಲಿ ಅತ್ಯಾಚಾರದ ಆರೋಪಿಗಳು ನಾಲ್ವರನ್ನು ಎನ್‌ಕೌಂಟರ್ ಮಾಡಿದಾಗ ಜನ ಪೊಲೀಸರಿಗೆ ಹೂ ಹಾಕಿದ್ರು. ನ್ಯಾಯ ಅಂದ್ರೆ ಅದು.

ಚಿತ್ರಪ್ರೇಮಿ: ಸುಪ್ರೀಂ ಕೋರ್ಟ್ ನೇಮಿಸಿದ ಸಿರ್ಪೂರ್ಕರ್ ಆಯೋಗ ಅದು ನಕಲಿ ಅಂತ ವರದಿ ಕೊಟ್ಟಿದೆ. ಓದಿ ಮಾತಾಡಿ.

ಗೆಳೆಯ: ನಿಮ್ಮ ಮನೆ ಹುಡುಗಿಗೆ ಆಗಿದ್ರೆ ವರದಿ ಓದ್ತಾ ಕೂರ್ತಿದ್ರಾ?

ಚಿತ್ರಪ್ರೇಮಿ: ಮನೆಯವರನ್ನು ಎಳೀಬೇಡಿ.

ಹಾಸನದವಳು: ಆದ್ರೂ ಮೇಡಂ, ತಪ್ಪು ಮಾಡಿದವನ ಪರ ವಾದ...

ವಕೀಲೆ: ಮೇಲೆ ಹೇಳಿದ್ದೇನೆ. ಜಗಳ ಬೇರೆ ಕಡೆ ಇಟ್ಟುಕೊಳ್ಳಿ. ಮಲೆನಾಡಿನವರೇ, 15100 ಸಿಕ್ಕಿತಾ?

ಮಲೆನಾಡಿನವ: ಸಿಕ್ಕಿತು ಮೇಡಂ. ವಕೀಲರೊಬ್ಬರು ಠಾಣೆಗೆ ಬರ್ತಿದ್ದಾರೆ. ತಾಯಿನೂ ಜೊತೆಗಿದ್ದಾರೆ. ಹುಡುಗ ಒಳಗೆ ಇಲ್ಲ ಅಂತ ಪೊಲೀಸರು ಹೇಳ್ತಿದ್ದಾರೆ.

ವಕೀಲೆ: ಹಾಗಂತ ಬರೆದುಕೊಡಿ ಅಂತ ಕೇಳಿ. ಕೊಡದಿದ್ದರೆ ಅದನ್ನೂ ಎಸ್ಪಿಗೆ ಬರೀರಿ. ನನಗೆ ಈಗಲೇ ಮೆಸೇಜ್ ಮಾಡಿ.