ಶುಗರ್ ಗಾಯ: ಬೆರಳು ತೆಗೆಸೋದಾ, ಕಾಯೋದಾ? ಅನುಭವ ಇದ್ದವರು ಹೇಳಿ

ಪ್ರಶ್ನೆ ಕೇಳಿದವರು: ಅಪ್ಪನಿಗೆ 64, ಹದಿನಾರು ವರ್ಷದ ಶುಗರ್. ಎಡಗಾಲ ಹೆಬ್ಬೆರಳಿನ ಬುಡದಲ್ಲಿ ಆಣಿ ಇತ್ತು, ಅದರಡಿ ಈಗ ಗಾಯ. ನೋವೇ ಇಲ್ಲ ಅಂತಾರೆ. ಬೆರಳು ತೆಗೀಬೇಕು ಅಂದಿದ್ದಾರೆ. ಏನು ಮಾಡಲಿ?

ಅಮ್ಮನ ಮಗಳು: ನಮ್ಮಮ್ಮನಿಗೂ ಹೀಗೇ ಅಂದಿದ್ದರು. ನಾನು ಒಪ್ಪಲಿಲ್ಲ, ಇವತ್ತಿಗೂ ಹೆಮ್ಮೆ ಇದೆ. ಎರಡೇ ದಿನದಲ್ಲಿ ರಕ್ತನಾಳದ ಡಾಕ್ಟರಿಗೆ ತೋರಿಸಿದೆ. ಮೊಣಕಾಲಿನ ಕೆಳಗೆ ಎರಡು ನಾಳ ಕಟ್ಟಿಕೊಂಡಿದ್ದವು. ಆಂಜಿಯೋಪ್ಲಾಸ್ಟಿ ಆಯ್ತು. ಆಮೇಲೆ ಟಿಸಿಸಿ, ಅಂದರೆ ಗಾಯದ ಮೇಲೆ ಭಾರ ಬೀಳದ ಹಾಗೆ ಪಾದಕ್ಕೂ ಕಾಲಿಗೂ ಹಾಕೋ ಪ್ಲಾಸ್ಟರ್, 11 ವಾರ. ವಾರಕ್ಕೊಮ್ಮೆ ಬಿಚ್ಚಿ ಹೊಸದು ಹಾಕಬೇಕು, ಪ್ರತಿ ಸಲಾನೂ ನನಗೆ ಒಂದು ದಿನದ ಸಂಬಳ ಕಟ್. ನಾಲ್ಕನೇ ವಾರ ಹರಡಿನ ಹತ್ತಿರ ಪ್ಲಾಸ್ಟರ್ ಉಜ್ಜಿ ಇನ್ನೊಂದು ಗಾಯ. ಅವತ್ತು ಆಸ್ಪತ್ರೆ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ಆದರೆ ಅಮ್ಮನ ಐದು ಬೆರಳೂ ಇವೆ.

ಹಳೇ ಡ್ರೈವರ್: ನಾನೂ ಒಪ್ಪಲಿಲ್ಲ ಮೇಡಂ. 19 ದಿನ ಮನೇಲೇ ಮುಲಾಮು. ಬಿಸಿನೀರಲ್ಲಿ ಕಾಲಿಟ್ಟೆ, ಸುಟ್ಟಿದ್ದೇ ತಿಳೀಲಿಲ್ಲ. ವಾಸನೆ ಹೆಂಡತಿಗೆ ಬಂತು, ಸಾಕ್ಸ್ ಎಳೆದರೆ ಚರ್ಮವೂ ಕಿತ್ತು ಬಂತು. ಡಾಕ್ಟರು ಗಾಯದೊಳಗೆ ಕಡ್ಡಿ ಇಳಿಸಿದರು, ಟಕ್ ಅಂತ ಮೂಳೆಗೆ ತಾಗಿತು. ಮೊದಲು ಬೆರಳು, ಆಮೇಲೆ ಅರ್ಧ ಪಾದ, ಕೊನೆಗೆ ಮೊಣಕಾಲ ಕೆಳಗೆ. ಮೂರು ಆಪರೇಷನ್. ಕಾಲಿನ ಉಳಿದ ಮೊಂಡು ಸಣ್ಣಗಾಗಿ, ಅದು ಕೂರೋ ಕೃತಕ ಕಾಲಿನ ಸಾಕೆಟ್ ಎರಡು ಸಲ ಬದಲಾಯಿಸಿದೆ. ಲೈಸೆನ್ಸ್ ಹೋಯ್ತು, ಗಾಡಿ ಮಾರಿದೆ. ಬೆರಳು ಅಂದರೆ ಬೆರಳು ಕೊಟ್ಟುಬಿಡಿ.

ಅಮ್ಮನ ಮಗಳು: ಮನೇಲಿ ಮುಲಾಮು ಹಚ್ಚಿ ಅಂತ ನಾನು ಹೇಳಿದೆನಾ? ರಕ್ತ ಹರಿಯದ ಕಾಲಲ್ಲಿ ಬೆರಳು ತೆಗೆದರೆ ಆ ಕುಯ್ದ ಜಾಗ ಮಾಯೋದು ಹೇಗೆ? ನಿಮಗೆ ಆಗಿದ್ದೂ ಅದೇ ಇರಬೇಕು.

ಹಳೇ ಡ್ರೈವರ್: ನನ್ನ ಎಬಿಐ, ಅಂದರೆ ಕಾಲಿನ ಬಿಪಿಯನ್ನ ಕೈಯ ಬಿಪಿ ಜೊತೆ ಹೋಲಿಸೋ ಅಂಕಿ, 1.4 ಇತ್ತು. ರಕ್ತ ಚೆನ್ನಾಗಿದೆ ಅಂದಿದ್ದರು. ಗೊತ್ತಿಲ್ಲದೆ ಮಾತಾಡಬೇಡಿ.

ವಾರ್ಡ್ ಸಿಸ್ಟರ್: 1.4 ಅಂದರೆ ಚೆನ್ನಾಗಿದೆ ಅಂತಲ್ಲ ಸಾರ್. ನಾಳದ ಗೋಡೇಲಿ ಸುಣ್ಣ ಕಟ್ಟಿದರೆ ಬಿಪಿ ಪಟ್ಟಿ ಎಷ್ಟು ಬಿಗಿದರೂ ನಾಳ ಅದುಮಿಕೊಳ್ಳೋದಿಲ್ಲ, ಅಂಕಿ ಸುಳ್ಳೇ ಏರುತ್ತೆ. ಬೆರಳಿನ ಪ್ರೆಷರ್, ಅಂದರೆ ಕಾಲ್ಬೆರಳಲ್ಲೇ ಅಳೆಯೋ ಬಿಪಿ, ನೋಡಬೇಕಿತ್ತು. ಮೇಡಂ, ನೀವೂ ಗೆದ್ದಾಯ್ತು ಅಂದುಕೋಬೇಡಿ. ಮಾಯ್ದ ಗಾಯ ಒಂದು ವರ್ಷದೊಳಗೆ ನೂರಕ್ಕೆ ಸುಮಾರು 40 ಜನರಿಗೆ ಮರುಕಳಿಸುತ್ತೆ.

ಹಳೇ ಡ್ರೈವರ್: ಬೆರಳಿನ ಪ್ರೆಷರ್ ಅನ್ನೋ ಮಾತನ್ನ ನಾನು ಇವತ್ತೇ ಕೇಳ್ತಿರೋದು. ಮೂರು ಆಪರೇಷನ್ ಆದ ಮೇಲೆ.

ಅಮ್ಮನ ಮಗಳು: ಸಿಗರೇಟು ಸೇದ್ತಿದ್ದಿರಾ?

ಹಳೇ ಡ್ರೈವರ್: ಸೇದ್ತಿದ್ದೆ. ರಾತ್ರಿ ಗಾಡಿ ಓಡಿಸೋರಿಗೆ ಅದು ಯಾಕೆ ಬೇಕು ಅಂತ ನಿಮಗೇನು ಗೊತ್ತು? ಕಾಲು ಹೋದವನ ತಪ್ಪು ಹುಡುಕೋದು ಸುಲಭ. ಅಮ್ಮನ ಇನ್ನೊಂದು ಕಾಲು ನೋಡ್ತಿದ್ದೀರಾ ಮೊದಲು?

ಅಮ್ಮನ ಮಗಳು: ದಿನಾ ರಾತ್ರಿ ನೋಡ್ತೀನಿ. ಬೆರಳ ಸಂದಿಗೆ ಟಾರ್ಚ್ ಬಿಟ್ಟು, ಚಪ್ಪಲಿ ಒಳಗೆ ಕೈ ಹಾಕಿ. ಮೊನ್ನೆ ಬಲಗಾಲ ಚಪ್ಪಲೀಲಿ ಸಣ್ಣ ಕಲ್ಲು ಸಿಕ್ಕಿತು. ಬೆಳಗಿಂದ ಅದರ ಮೇಲೇ ನಡೆದಿದ್ದಾರೆ, ಗೊತ್ತೇ ಆಗಿಲ್ಲ.